ಮೊಲ ಹಿಡಿಯೋ ನಾಯಿ ಯಾವುದು?

ಪ್ರಶ್ನೆ: ನಮ್ಮ ಬರಗೂರಿನ ಬಿಸಿಲಿಗೆ ಬಗ್ಗದೆ ಮೊಲ ಹಿಡಿಯುವ ನಾಯಿ ಯಾವುದು?

ಉತ್ತರ: ಮೈಕಟ್ಟು ನೋಡಿದರೆ ಮುಧೋಳ ನಾಯಿಯೇ. ಆಳವಾದ ಎದೆಗೂಡು, ಒಳಸೇರಿದ ಹೊಟ್ಟೆ, ಉದ್ದ ಕಾಲು, ಗಿಡ್ಡ ಕೂದಲು: ಬಯಲುಸೀಮೆಯ ಓಟಕ್ಕೆ ಹೇಳಿ ಮಾಡಿಸಿದ ಮೈ. ಇದು ಮೂಸಿ ಹುಡುಕುವುದಕ್ಕಿಂತ ಕಣ್ಣಿಗೆ ಬಿದ್ದದ್ದನ್ನು ಅಟ್ಟಿಸಿಕೊಂಡು ಹೋಗುವ ತಳಿ. ಹಾಗಾಗಿ ಜಾಲಿಪೊದೆಗಿಂತ ಬೋಳು ಬಯಲಲ್ಲೇ ಇದರ ಆಟ ಜೋರು. ಮುಧೋಳದ ಘೋರ್ಪಡೆ ಅರಸರು ಪೋಷಿಸಿದ ಈ ತಳಿಯ ಅಂಚೆಚೀಟಿ 2005ರಲ್ಲಿ ಬಂತು.

ಆದರೆ ಮೊಲದ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ನಾಯಿ ಛೂ ಬಿಟ್ಟು ಹಿಡಿಸಿದರೂ ಕೇಸು ತಪ್ಪದು. ಹಾಗಾಗಿ ಬೇಟೆಗೆ ಬೇಡ, ಕುರಿಹಟ್ಟಿ, ಕಡಲೆಕಾಯಿ ಹೊಲ ಕಾಯಲು ಸಾಕಿ. ಮುಧೋಳದ ಬಳಿಯ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ಮರಿಗೆ ವಿಚಾರಿಸಿ. ದಿನವೂ ಓಡಾಡಲು ಬಿಡಿ. ಸದಾ ಕಟ್ಟಿಹಾಕಿದರೆ ಮೈಯೂ ಬುದ್ಧಿಯೂ ಕೆಡುತ್ತವೆ.