ರೋಮ್–ಫ್ಲಾರೆನ್ಸ್–ವೆನಿಸ್ ಪ್ರವಾಸಿ ಮಾರ್ಗ

ರೋಮ್, ಫ್ಲಾರೆನ್ಸ್ ಮತ್ತು ವೆನಿಸ್ ನಗರಗಳನ್ನು ಜೋಡಿಸುವ ಈ ಮಾರ್ಗವನ್ನು ಇಟಲಿಗೆ ಮೊದಲ ಬಾರಿ ಭೇಟಿ ನೀಡುವ ಅನೇಕರು ಆಯ್ದುಕೊಳ್ಳುತ್ತಾರೆ. ಮೂರೂ ನಗರಗಳ ಐತಿಹಾಸಿಕ ಭಾಗಗಳು ಯುನೆಸ್ಕೋ ವಿಶ್ವ ಪರಂಪರೆಯ ತಾಣಗಳಾಗಿವೆ.

ನಗರಗಳು

ರೋಮ್ ದೇಶದ ರಾಜಧಾನಿ. ಕೊಲೋಸಿಯಮ್ ಮತ್ತು ಪ್ಯಾಂಥಿಯನ್ ಪ್ರಾಚೀನ ರೋಮನ್ ಸಾಮ್ರಾಜ್ಯದ ಅವಶೇಷಗಳಾಗಿವೆ. ಸ್ವತಂತ್ರ ರಾಷ್ಟ್ರವಾದ ವ್ಯಾಟಿಕನ್ ಈ ನಗರದ ಒಳಗೇ ಇದೆ. ಫ್ಲಾರೆನ್ಸ್ ಪುನರುಜ್ಜೀವನ ಕಾಲದ ಕಲೆಗೆ ಪ್ರಸಿದ್ಧವಾಗಿದೆ. ಉಫೀಜಿ ಸಂಗ್ರಹಾಲಯದಲ್ಲಿ ಬೊಟಿಚೆಲ್ಲಿಯ ವರ್ಣಚಿತ್ರಗಳೂ ಅಕಾಡೆಮಿಯಾ ಸಂಗ್ರಹಾಲಯದಲ್ಲಿ ಮೈಕೆಲ್ಯಾಂಜೆಲೊ ಕೆತ್ತಿದ 'ಡೇವಿಡ್' ಶಿಲ್ಪವೂ ಇವೆ. ವೆನಿಸ್‌ನ ಹಳೆಯ ನಗರವು ನೂರಕ್ಕೂ ಹೆಚ್ಚು ಕಿರುದ್ವೀಪಗಳ ಮೇಲೆ ನಿಂತಿದೆ. ಅಲ್ಲಿ ಕಾರುಗಳ ಸಂಚಾರವಿಲ್ಲ. ಜನರು ಕಾಲ್ನಡಿಗೆಯಲ್ಲಿ ಅಥವಾ ದೋಣಿಗಳಲ್ಲಿ ಓಡಾಡುತ್ತಾರೆ.

ಸಂಚಾರ

ವೇಗದ ರೈಲಿನಲ್ಲಿ ರೋಮ್‌ನಿಂದ ಫ್ಲಾರೆನ್ಸ್‌ಗೆ ಸುಮಾರು ಒಂದೂವರೆ ಗಂಟೆ, ಅಲ್ಲಿಂದ ವೆನಿಸ್‌ಗೆ ಎರಡು ಗಂಟೆಗೂ ಸ್ವಲ್ಪ ಹೆಚ್ಚು ಸಮಯ ಬೇಕಾಗುತ್ತದೆ. ಆದ್ದರಿಂದ ಒಂದು ವಾರದ ಅವಧಿಯಲ್ಲಿ ಮೂರನ್ನೂ ನೋಡಬಹುದು. ನೇಪಲ್ಸ್, ಪೊಂಪೇಯಿಗಳನ್ನೂ ಸೇರಿಸಿದರೆ ಪ್ರತಿ ನಗರಕ್ಕೆ ದೊರೆಯುವ ಸಮಯ ಕಡಿಮೆಯಾಗುತ್ತದೆ.

ಜನದಟ್ಟಣೆ

ಹೆಚ್ಚಿನ ಪ್ರವಾಸಿಗರು ಇದೇ ನಗರಗಳಲ್ಲಿ ಸೇರುವುದರಿಂದ ಸ್ಥಳೀಯರ ಬದುಕಿನ ಮೇಲೆ ಒತ್ತಡ ಉಂಟಾಗಿದೆ. 1950ರ ದಶಕದ ಆರಂಭದಲ್ಲಿ ವೆನಿಸ್‌ನ ಹಳೆಯ ನಗರದಲ್ಲಿ ಸುಮಾರು 1,75,000 ಜನರಿದ್ದರು. ಇಂದು ಈ ಸಂಖ್ಯೆ 50,000ಕ್ಕಿಂತ ಕಡಿಮೆಯಾಗಿದೆ. ಮನೆ ಬಾಡಿಗೆಯ ಏರಿಕೆಯೂ ಪ್ರವಾಸೋದ್ಯಮವೂ ಇದಕ್ಕೆ ಕಾರಣಗಳಲ್ಲಿ ಸೇರಿವೆ. ಬೆಳಿಗ್ಗೆ ಬಂದು ಅದೇ ದಿನ ಹಿಂದಿರುಗುವವರಿಗೆ 2024ರಿಂದ ನಿಗದಿತ ದಿನಗಳಲ್ಲಿ ಪ್ರವೇಶ ಶುಲ್ಕ ವಿಧಿಸಲಾಗುತ್ತಿದೆ. ನಗರದಲ್ಲಿ ರಾತ್ರಿ ತಂಗುವವರಿಗೆ ಈ ಶುಲ್ಕದಿಂದ ವಿನಾಯಿತಿ ಇದೆ.