ಎಕ್ಕದ ಎಲೆಯ ಮರೆಯಲ್ಲಿ

ಯುಗಾದಿ ಕಳೆದು ಒಂದೆರಡು ಮಳೆ ಬಿದ್ದರೆ ಸಾಕು, ತುಮಕೂರು ಸೀಮೆಯ ದೇವರಾಯನದುರ್ಗಕ್ಕೆ ಬಣ್ಣ ಏರುತ್ತದೆ. ಹಸಿರಿಗಿಂತ ಮೊದಲು ಹಳದಿ. ಕಕ್ಕೆ ಮರ ಎಲೆ ಉದುರಿಸಿ ಮೊಳದುದ್ದದ ಗೊಂಚಲು ಇಳಿಬಿಟ್ಟಿರುತ್ತದೆ. ಬಂಡೆಗಳ ಸಂದಿಯಲ್ಲಿ ತಂಗಡಿ. ಬಂದವರಲ್ಲಿ ಹೆಚ್ಚಿನವರು ಕಾರಿನಲ್ಲೇ ಮೇಲೇರಿ, ಯೋಗನರಸಿಂಹನಿಗೆ ಕೈಮುಗಿದು, ಫೋಟೊ ತೆಗೆಸಿಕೊಂಡು ಇಳಿಯುತ್ತಾರೆ. ಚಿಟ್ಟೆ ಬೇಕೆನ್ನುವವರು ನಡೆಯಬೇಕು. ಅದರ ಬೆನ್ನು ಹತ್ತಿಯೂ ಪ್ರಯೋಜನವಿಲ್ಲ. ಗಿಡ ಗುರುತು ಹಿಡಿದು ಅಲ್ಲೇ ಕುಕ್ಕರಗಾಲಿನಲ್ಲಿ ಕೂರಬೇಕು.

ನನ್ನ ಆಯ್ಕೆ ಎಕ್ಕ. ರಥಸಪ್ತಮಿಯ ದಿನ ಬಿಟ್ಟರೆ ಯಾರೂ ಕೇಳದ ಗಿಡ, ಆಡು ಕೂಡ ಹೆಚ್ಚಾಗಿ ಬಾಯಿ ಹಾಕದು. ಎಲೆ ಮಗುಚಿದರೆ ಅಲ್ಲಿ ಪ್ಲೇನ್ ಟೈಗರ್ ಚಿಟ್ಟೆಯ ಮರಿಹುಳು: ಕಪ್ಪು, ಬಿಳಿ, ಹಳದಿ ಪಟ್ಟೆ, ಬೆನ್ನ ಮೇಲೆ ಮೂರು ಜೊತೆ ಕರಿ ಎಳೆಗಳು. ಅದರ ಜಾಣತನ ನೋಡಿ. ತಿನ್ನುವ ಮೊದಲು ಎಲೆಯಲ್ಲಿ ಗುಂಡಗೆ ಕಾಲುವೆ ಕೊರೆಯುತ್ತದೆ. ಹಾಲೆಲ್ಲ ಅಂಚಿನಲ್ಲೇ ಒಸರಿ ನಿಂತ ಮೇಲೆ ನಡುವಿನ ತುಂಡನ್ನು ನೆಮ್ಮದಿಯಾಗಿ ಮೇಯುತ್ತದೆ. ಆದರೂ ಎಕ್ಕದ ವಿಷ ಒಂದಷ್ಟು ಮೈಗೆ ಸೇರಿ, ಚಿಟ್ಟೆಯಾದ ಮೇಲೂ ಉಳಿಯುತ್ತದೆ. ಒಮ್ಮೆ ರುಚಿ ನೋಡಿದ ಹಕ್ಕಿ ಆ ಕಿತ್ತಳೆ ರೆಕ್ಕೆಯನ್ನು ಮತ್ತೆ ಮುಟ್ಟುವುದಿಲ್ಲ. ಹಾಗೆಂದೇ ಅದರ ಹಾರಾಟಕ್ಕೆ ಅವಸರವಿಲ್ಲ, ಊರ ಗೌಡರು ತೋಟ ಸುತ್ತಿದ ಹಾಗೆ.

ಈ ಗತ್ತನ್ನು ಕದ್ದವಳೂ ಇದ್ದಾಳೆ. ಡನೈಡ್ ಎಗ್‌ಫ್ಲೈ ಎಂಬ ಚಿಟ್ಟೆಯ ಹೆಣ್ಣಿನ ಮೈಯಲ್ಲಿ ವಿಷವಿಲ್ಲ, ವೇಷ ಮಾತ್ರ ಅದೇ. ಹಿಂದಿನ ರೆಕ್ಕೆಯ ಕರಿಚುಕ್ಕೆ ಎಣಿಸಿದರೆ ಗುಟ್ಟು ರಟ್ಟು: ಟೈಗರಿಗೆ ಮೂರು ನಾಲ್ಕು, ಇವಳಿಗೆ ಒಂದೇ. ಗಂಡು ಮಾತ್ರ ಈ ನಾಟಕಕ್ಕೆ ಸೇರದೆ ಕಪ್ಪು ರೆಕ್ಕೆಯಲ್ಲಿ ನೀಲಿ ಅಂಚಿನ ಬಿಳಿ ಬೊಟ್ಟು ಮೆರೆಸುತ್ತ ಬಂಡೆಯ ಮೇಲೆ ಕೂತಿರುತ್ತದೆ.

ಇನ್ನು ಲಂಟಾನ. ಬ್ರಿಟಿಷರ ಕಾಲದಲ್ಲಿ ಅಂದಕ್ಕೆಂದು ಬಂದು ಕಾಡನ್ನೇ ನುಂಗಿದ ಈ ಮುಳ್ಳುಪೊದೆಯನ್ನು ಕೀಳಬೇಕೆನ್ನುವವರ ಪಕ್ಷ ನಾನು. ಆದರೆ ಬೇಸಗೆಯಲ್ಲಿ ಚಿಟ್ಟೆಗಳ ಸಂತೆ ಸೇರುವುದು ಇಲ್ಲೇ. ಹೊಸದಾಗಿ ಅರಳಿದ ಹಳದಿ ಹೂವಲ್ಲಿ ಮಕರಂದ ಹೆಚ್ಚು. ಹಳತಾದದ್ದು ಗುಲಾಬಿಗೆ ತಿರುಗುತ್ತದೆ. ಕ್ರಿಮ್ಸನ್ ರೋಸ್ ಚಿಟ್ಟೆ ಒಂದು ಗೊಂಚಲ ಮೇಲೆ ರೆಕ್ಕೆ ಬಡಿಯುತ್ತಲೇ ನಿಂತು, ಹಳದಿಗಳಿಗಷ್ಟೇ ಸೊಂಡಿಲು ಚಾಚಿ, ಗುಲಾಬಿಯನ್ನು ತಿರುಗಿಯೂ ನೋಡದೆ ಪಕ್ಕದ ಪೊದೆಗೆ ಹಾರಿತು.