ಐವತ್ತೆಂಟರವರೆಗೆ ಕಾಯದ ಹಣ

ಕಾರ್ಮಿಕರೂ ಮಾಲೀಕರೂ ತಿಂಗಳು ತಿಂಗಳು ಪಾಲು ಹಾಕಿ ಮುಪ್ಪಿನ ಕಾಲಕ್ಕೆಂದು ಕೂಡಿಡುವ ನೌಕರರ ಭವಿಷ್ಯನಿಧಿ, ಅಂದರೆ ಎಲ್ಲರ ಬಾಯಲ್ಲಿರುವ ಪಿ.ಎಫ್., 1952ರ ಕಾಯ್ದೆಯಿಂದ ಹುಟ್ಟಿದ್ದು. ಮೊದಲಿಗೆ ಅದು ಸಿಮೆಂಟು, ಸಿಗರೇಟು, ಕಾಗದ, ಕಬ್ಬಿಣ ಮತ್ತು ಉಕ್ಕು, ಎಂಜಿನಿಯರಿಂಗ್, ಜವಳಿ ಎಂಬ ಆರು ಉದ್ಯಮಗಳಿಗಷ್ಟೇ ಸೀಮಿತವಾಗಿದ್ದುದರಿಂದ ಗೋಕಾಕದಂಥ ಕಡೆ ನೂಲು ತೆಗೆಯುವವರು ಅದರ ಆಸರೆಗೆ ಬಂದರೆ, ನವಲಗುಂದ ತಾಲ್ಲೂಕಿನ ತಿರ್ಲಾಪುರದಂಥ ಊರುಗಳಲ್ಲಿ ಅದೇ ನೂಲಿಗೆ ಹತ್ತಿ ಬೆಳೆಯುವ ರೈತರೂ ಹತ್ತಿ ಬಿಡಿಸುವ ಕೂಲಿಯವರೂ ಹೊರಗೇ ಉಳಿದರು. ಹೀಗಾಗಿ ಹೊಲವನ್ನೇ ನಂಬಿದ ಮನೆಯ ಹೆಣ್ಣುಮಗಳೊಬ್ಬಳು ಬೆಂಗಳೂರಿನ ಗಾರ್ಮೆಂಟ್ಸ್ ಸೇರಿದಾಗ ಅವಳ ಪಗಾರದಲ್ಲಿ ಕಡಿತವಾಗುವ ಮೊತ್ತವೇ ಎಷ್ಟೋ ಸಲ ಆ ಮನೆತನದ ಮೊದಲ ನಿವೃತ್ತಿ ಉಳಿತಾಯವಾಗುತ್ತದೆ.

ಲೆಕ್ಕ ತೀರ ತೊಡಕಿನದೇನಲ್ಲ. ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ 12ರಷ್ಟನ್ನು ಕಾರ್ಮಿಕರು ಕಟ್ಟುತ್ತಾರೆ. ಮಾಲೀಕರು ಕಟ್ಟುವ ಅಷ್ಟೇ ಮೊತ್ತದಲ್ಲಿ ಶೇ 8.33 ಭಾಗ, 15,000 ರೂಪಾಯಿ ವೇತನದ ಮಿತಿಗೆ ಒಳಪಟ್ಟು, 1995ರ ಪಿಂಚಣಿ ಯೋಜನೆಗೆ ಹೋಗಿ, ಉಳಿದದ್ದು ನಿಧಿಗೆ ಸೇರುತ್ತದೆ. ಕೆಲಸ ಬಿಟ್ಟು ಎರಡು ತಿಂಗಳು ನಿರುದ್ಯೋಗಿಯಾಗಿದ್ದವರು ನಿಧಿಯ ಹಣವನ್ನೆಲ್ಲ ಹಿಂಪಡೆಯಬಹುದಿತ್ತು, ಮದುವೆಗಾಗಿ ರಾಜೀನಾಮೆ ಕೊಡುವ ಮಹಿಳೆಯರಿಗೆ ಆ ಕಾಯುವಿಕೆಯೂ ಇರಲಿಲ್ಲ. ಮುಪ್ಪಿಗೆ ಬಹಳ ಮೊದಲೇ ಕೆಲಸ ಕೈತಪ್ಪುತ್ತದೆ ಎಂಬುದು ಹಳೆಯ ನಿಯಮ ಬರೆದವರಿಗೆ ಗೊತ್ತಿತ್ತು.

2016ರ ಫೆಬ್ರುವರಿ 10ರಂದು ಹೊರಬಿದ್ದ ಕೇಂದ್ರದ ಅಧಿಸೂಚನೆಯನ್ನು ಬರೆದವರಿಗೆ ಅದು ಗೊತ್ತಿದ್ದಂತೆ ಕಾಣುವುದಿಲ್ಲ. ಕೆಲಸ ಬಿಟ್ಟವರು ತಮ್ಮ ಪಾಲನ್ನೂ ಅದರ ಬಡ್ಡಿಯನ್ನೂ ಮಾತ್ರ ಒಯ್ಯಬೇಕು, ಮಾಲೀಕರ ಪಾಲು 58 ವರ್ಷ ತುಂಬುವವರೆಗೆ ಖಾತೆಯಲ್ಲೇ ಇರಬೇಕು ಎಂದು ಅದು ವಿಧಿಸಿತು. ಮೂವತ್ತೈದು ದಾಟುವಷ್ಟರಲ್ಲಿ ಕಣ್ಣೂ ಸೊಂಟವೂ ಸೋತು ಹೊಲಿಗೆಯಂತ್ರ ಬಿಡುವವರಿಗೆ ಆ ಹಣ ಪಿಂಚಣಿಗಿಂತ ಹೆಚ್ಚಾಗಿ ಸಾಲ ತೀರಿಸುವ, ಮಕ್ಕಳ ಶುಲ್ಕ ಕಟ್ಟುವ ಗಂಟು. ಇಪ್ಪತ್ತು ವರ್ಷ ಆಚೆಗೆ ಸಿಗುವ ಪಾಲು ಅವರ ಲೆಕ್ಕದಲ್ಲಿ ಸಿಗದ ಪಾಲೇ ಸರಿ. ಏಪ್ರಿಲ್ 18ರಂದು ಯಾವ ಸಂಘವೂ ಕರೆ ಕೊಡದೆ ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರು, ಬಹುಪಾಲು ಹೆಂಗಸರು, ಬೊಮ್ಮನಹಳ್ಳಿಯ ಬಳಿ ಹೊಸೂರು ರಸ್ತೆಗಿಳಿದರು. ಮರುದಿನ ಪ್ರತಿಭಟನೆ ತುಮಕೂರು ರಸ್ತೆಗೂ ಹಬ್ಬಿತು, ಪೊಲೀಸರು ಲಾಠಿ ಬೀಸಿ ಅಶ್ರುವಾಯು ಸಿಡಿಸಿದರು, ಹೆಬ್ಬಗೋಡಿಯಲ್ಲಿ ಪೊಲೀಸ್ ಠಾಣೆಯ ಮೇಲೂ ದಾಳಿ ನಡೆಯಿತು. ನಿಯಮವನ್ನು ಕೆಲವು ತಿಂಗಳು ಮುಂದೂಡುವ ಮಾತಾಡಿದ್ದ ಸರ್ಕಾರ ಅಂದೇ ಅದನ್ನು ಪೂರ್ತಿ ಹಿಂಪಡೆಯಿತು. ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅದನ್ನು ಪ್ರಕಟಿಸಿದರು.

ಅದೇ ವರ್ಷದ ಬಜೆಟ್ಟಿನಲ್ಲಿ ಪಿ.ಎಫ್. ಹಣದ ಶೇ 60 ಭಾಗವನ್ನು ತೆರಿಗೆಯ ವ್ಯಾಪ್ತಿಗೆ ತರುವ ಪ್ರಸ್ತಾಪವನ್ನು ಮಾರ್ಚ್ 8ರಂದು ಕೈಬಿಡಲಾಗಿತ್ತು. ಅದು ಸಂಬಳದಾರರ ಗೆಲುವೆಂದು ಹೆಸರಾಯಿತು. ದೇಶದ ಉದ್ದಗಲಕ್ಕೂ ಪಿ.ಎಫ್. ಸದಸ್ಯರೆಲ್ಲರ ಹಣವನ್ನು ಬಿಡಿಸಿಕೊಟ್ಟ ಹೆಂಗಸರ ಎರಡು ದಿನ ಮಾತ್ರ ನಗರದ ನೆನಪಿನಲ್ಲಿ ಬರಿಯ ಸಂಚಾರ ಅಸ್ತವ್ಯಸ್ತವಾಗಿ ಉಳಿದದ್ದು ಅನ್ಯಾಯ.

ಬೀಗ ಹಾಕುವ ಆಲೋಚನೆ ಅಲ್ಲಿಗೆ ಮುಗಿಯಲಿಲ್ಲ. 2025ರ ಅಕ್ಟೋಬರ್ 13ರಂದು ಭವಿಷ್ಯನಿಧಿಯ ಕೇಂದ್ರೀಯ ಮಂಡಳಿಯು ಮಾಲೀಕರ ಪಾಲನ್ನೂ ಸೇರಿಸಿ ಹಣ ಪಡೆಯುವ ದಾರಿಯನ್ನು ಸಡಿಲಿಸಿತಾದರೂ, ಶೇ 25ರಷ್ಟು ಖಾತೆಯಲ್ಲೇ ಉಳಿಯಬೇಕೆಂದೂ, ಕೆಲಸ ಹೋದವರು ಪೂರ್ಣ ಮೊತ್ತಕ್ಕೆ ಎರಡು ತಿಂಗಳ ಬದಲು 12 ತಿಂಗಳು, ಪಿಂಚಣಿ ಹಣಕ್ಕೆ 36 ತಿಂಗಳು ಕಾಯಬೇಕೆಂದೂ ತೀರ್ಮಾನಿಸಿತು. ಕೆಲಸ ಬಿಟ್ಟು ಊರಿಗೆ ಮರಳುವವರು ಅರ್ಜಿ ಹಾಕುವ ಮುನ್ನ ತಮ್ಮ ಒಟ್ಟು ಸೇವೆ ಹತ್ತು ವರ್ಷ ತುಂಬಿದೆಯೇ ಎಂದು ನೋಡಿಕೊಳ್ಳಬೇಕು. ತುಂಬಿದ್ದರೆ 58ಕ್ಕೆ ಮಾಸಿಕ ಪಿಂಚಣಿಯ ಹಕ್ಕಿದೆ, ತುಂಬದಿದ್ದರೆ ಪಿಂಚಣಿ ಹಣ ತೆಗೆಯುವ ಬದಲು ಯೋಜನಾ ಪ್ರಮಾಣಪತ್ರ ಪಡೆದು ಆವರೆಗಿನ ಸೇವೆಯನ್ನು ಮುಂದಿನ ಕೆಲಸಕ್ಕೆ ಜೋಡಿಸಿಕೊಳ್ಳಬಹುದು.